ಪಕ್ಕದಲ್ಲಿ ಕೂತವರು ಯಾರು?

ದಾವಣಗೆರೆ
೩೦ ಫೆಬ್ರುವರಿ ೨೧೨೪

ಸುಮಾರು ನೂರು ವರ್ಷ ಹಿಂದಿನವರಿಗೆ,

ಇವತ್ತು ಬೆಳಿಗ್ಗೆ ನಮ್ಮಮ್ಮ ಮತ ಹಾಕುವಾಗ ಹಾಲು ನೋಡುತ್ತಿದ್ದಳು. ದೊಡ್ಡಪ್ಪ ಹಲಗೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೇ ಬಂದರು. "ಧೃತಿ, ಈ ಕಡೆ ನೋಡವ್ವಾ" ಅಂದರು. "ಹಾಲು ಉಕ್ಕೋ ಹಂಗೈತಿ ಭಾವ" ಅಂದಳು ಅಮ್ಮ. "ಹಾಲು ದಿನಾ ಉಕ್ತೈತಿ, ಇದು ಐದು ವರ್ಷಕ್ಕೊಂದ್ಸಲ." ಅಮ್ಮ ನಕ್ಕು ಅವರತ್ತ ಮುಖ ತಿರುಗಿಸಿದಳು. ಹಲಗೆ ಅವಳ ಗುರುತು ಹಿಡಿದು ಟಿಣ್ ಅಂದಿತು. ಅಷ್ಟರಲ್ಲಿ ಅವಳ ಕಣ್ಣು ಮತ್ತೆ ಪಾತ್ರೆಯ ಮೇಲಿತ್ತು. ತೆರೆಯ ಮೇಲೆ ಹೆಸರುಗಳು ಮೂಡಿದ್ದನ್ನು ಅವಳು ನೋಡಲಿಲ್ಲ. ಒತ್ತಿದ ಬೆರಳು ದೊಡ್ಡಪ್ಪನದು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮ ಪಂಚಾಂಗ ತಿದ್ದಿದ ಮೇಲೆ ಫೆಬ್ರುವರಿಗೆ ಮೂವತ್ತು ದಿನ. ಹಲಗೆ ಎಂದರೆ ಮನೆಹಲಗೆ. ಸರಕಾರದ ಕೆಲಸಗಳಿಗೆಂದು ಮನೆಗೊಂದರಂತೆ ಕೊಟ್ಟಿರುವ ತೆಳ್ಳನೆಯ ಯಂತ್ರ. ರೇಷನ್, ತೆರಿಗೆ, ಮತ ಎಲ್ಲವೂ ಅದರಲ್ಲೇ. ಅದು ಮನೆಯ ಹಿರಿಯರ ಹೆಸರಿನಲ್ಲಿರುತ್ತದೆ. ನಮ್ಮ ಮನೆಯಲ್ಲಿ ಅದ್ವಿಕ್ ದೊಡ್ಡಪ್ಪನ ಹೆಸರಿನಲ್ಲಿದೆ. ನಿಮ್ಮ ಕಾಲಕ್ಕೆ ಹೊಸದೆನಿಸಿದ ಹೆಸರುಗಳು ನಮಗೆ ಮುದುಕರ ಹೆಸರುಗಳು. ನನ್ನದು ಹಾಲಮ್ಮ. ಹಳೆಯ ಹೆಸರುಗಳು ಮತ್ತೆ ಚಾಲ್ತಿಗೆ ಬಂದಿವೆ. ಹೋದ ವರ್ಷ ಸಾಹಿತ್ಯದ ಎಂ.ಎ. ಮುಗಿಸಿದೆ. ನಾನು ಹೆಚ್ಚು ಮಾತಾಡುವವಳಲ್ಲ. ಮನೆಗೆ ಯಾರು ಬಂದರೂ ದೊಡ್ಡಪ್ಪ "ನಮ್ಮ ಹಾಲಮ್ಮಂಗೆ ಬಾಯಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಎಂ.ಎ.ಯಲ್ಲಿ ನಾನು ಓದಿದ್ದು ನಿಮ್ಮ ಕಾಲದ ಪತ್ರಿಕೆಗಳ ವಾಚಕರ ಪತ್ರಗಳನ್ನು. ಇಂಟರ್‌ನೆಟ್ ಮತದಾನ ಬೇಕೋ ಬೇಡವೋ ಎಂದು ನೀವು ವರ್ಷಗಟ್ಟಲೆ ಜಗಳವಾಡಿದ್ದೀರಿ. ಯಂತ್ರಕ್ಕೆ ಕನ್ನ ಹಾಕುತ್ತಾರೆ ಎಂದರು ಒಬ್ಬರು. ಹಾಕಲಾಗದಂಥ ಬೀಗವಿದೆ ಎಂದರು ಇನ್ನೊಬ್ಬರು. ಬಿಸಿಲಲ್ಲಿ ಅಜ್ಜಂದಿರು ಸಾಲು ನಿಲ್ಲಬೇಕೇ ಎಂದು ಕಣ್ಣೀರಿಟ್ಟವರಿದ್ದಾರೆ. ಒಂದೊಂದನ್ನೂ ಓದುತ್ತಾ ನನಗೆ ಸಿಟ್ಟು ಏರುತ್ತಿತ್ತು. ಅಷ್ಟು ಪತ್ರಗಳಲ್ಲಿ, ನಾನು ನೋಡಿದ ಮಟ್ಟಿಗೆ, ಮತ ಹಾಕುವವಳ ಪಕ್ಕದಲ್ಲಿ ಕೂತವರು ಯಾರು ಎಂದು ಒಬ್ಬರೂ ಕೇಳಿಲ್ಲ.

ನಿಮ್ಮ ಭಯ ನಿಜವಾಗಲಿಲ್ಲ, ಸಂತೋಷಪಡಿ. ಬೀಗ ಗಟ್ಟಿಯಾಗಿಯೇ ಇತ್ತು. ಇದುವರೆಗೆ ಒಬ್ಬ ಕಳ್ಳನೂ ಅದನ್ನು ಒಡೆದಿಲ್ಲ. ಚುನಾವಣೆಯ ಮೇಲೆ ನಮ್ಮ ಜನರಿಗಿರುವಷ್ಟು ನಂಬಿಕೆ ಹಿಂದೆಂದೂ ಇರಲಿಲ್ಲವಂತೆ, ಪ್ರತಿ ಸಲ ವರದಿ ಬರುತ್ತದೆ. ಅದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವವರೂ ದೊಡ್ಡಪ್ಪನೇ.

ಇನ್ನು ಬಿಸಿಲಿನ ಮಾತು. ನಮ್ಮೂರಿನ ಬೀದಿಗಳಿಗೆಲ್ಲ ಈಗ ಮೇಲೆ ಬಲೆ ಕಟ್ಟಿದ್ದಾರೆ, ನೆರಳುಬೀದಿ ಎನ್ನುತ್ತೇವೆ. ಅಂಗಡಿಗಳು ಸಂಜೆ ತೆರೆಯುತ್ತವೆ. ಹೆಂಗಸರು ಆ ಬೀದಿಯಲ್ಲೇ ತರಕಾರಿ ತರುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ, ಬೆಣ್ಣೆ ದೋಸೆಗೆ ಸಾಲು ನಿಲ್ಲುತ್ತಾರೆ. ಮತವೊಂದಕ್ಕೆ ಮಾತ್ರ ಅವರು ಹೊರಗೆ ಬಂದರೆ ಬಳಲುತ್ತಾರೆ!

ಆ ಬೀದಿಯಲ್ಲಿ ಯಾವ ಹೆಂಗಸನ್ನು ಕೇಳಿದರೂ ನಮ್ಮ ಓಣಿಯ ಹೆರಿಗೆ ಆಸ್ಪತ್ರೆ ಬೇಕು ಎನ್ನುತ್ತಾಳೆ. ಅದನ್ನು ಮುಚ್ಚಿ ಮಂಡಿಯವರ ಗೋದಾಮು ಮಾಡಬೇಕೆಂಬ ಮಾತು ಎದ್ದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಮುಚ್ಚಬಾರದು ಎನ್ನುತ್ತಿದ್ದ ಒಬ್ಬರು ಚುನಾವಣೆಗೆ ನಿಂತಿದ್ದರು. ಮತ ಎಣಿಸಿದಾಗ ಅವರು ಸೋತಿದ್ದರು. ಎಣಿಕೆ ಸರಿಯಾಗಿಯೇ ಇತ್ತು.

ಆ ಸಲ ಅಮ್ಮ ಹಲಗೆಗೆ ಕೈ ಚಾಚಿ, "ನಂದು ನಾನೇ ಒತ್ತೀನಿ ಭಾವ" ಅಂದಿದ್ದಳು. ಯಾರೂ ಬೈಯಲಿಲ್ಲ. ದೊಡ್ಡಪ್ಪ ಕೈ ಎತ್ತುವವರಲ್ಲ, ಒಳ್ಳೆಯವರು. ನನ್ನ ಓದಿಗೆ ಫೀಸು ಕಟ್ಟಿದವರು. "ಒತ್ತವ್ವಾ, ಬ್ಯಾಡ ಅಂದೋರ್ಯಾರು?" ಎಂದು ಹಲಗೆಯನ್ನು ಅವಳ ಕೈಗೇ ಕೊಟ್ಟು ಪಕ್ಕದಲ್ಲಿ ಕೂತರು. ನಮ್ಮಪ್ಪ ಇನ್ನೊಂದು ಪಕ್ಕ ಕೂತ. ದೊಡ್ಡಮ್ಮ ಹಿಂದೆ ನಿಂತಳು. ಅಮ್ಮ ಒತ್ತಿದಳು, ತನಗೆ ಬೇಕಾದ ಹೆಸರನ್ನೇ. ಆಮೇಲೆ ಯುಗಾದಿ ಕಳೆಯುವವರೆಗೆ ಮನೆಯಲ್ಲಿ ಯಾರೂ ಅವಳನ್ನು ಊಟಕ್ಕೆ ಬಾ ಎನ್ನಲಿಲ್ಲ. ಅವಳೇ ಬಡಿಸಿ, ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಅಂದಿನಿಂದ ಮತ ಹಾಕುವಾಗ ಅವಳು ಹಲಗೆಯನ್ನು ನೋಡಿಲ್ಲ. ಯಾವ ಕಳ್ಳ ಒಡೆದ ನಿಮ್ಮ ಬೀಗವನ್ನು?

ಈ ಸಲ ಆಸ್ಪತ್ರೆಯನ್ನು ಮತ್ತೆ ತೆರೆಸುತ್ತೇನೆ ಎನ್ನುವವರು ನಿಂತಿದ್ದಾರೆ. ನನಗಿದು ಮೊದಲ ಮತ. ಮನೆಯ ಹೆಣ್ಣುಮಕ್ಕಳು ಮೊದಲ ಸಲ ಮತ ಹಾಕುವುದನ್ನು ನಾವು ಶಾಸ್ತ್ರವಾಗಿ ಮಾಡುತ್ತೇವೆ. ಮತ ಹಾಕಲು ಮೂರು ವಾರ ಅವಕಾಶವಿರುತ್ತದೆ, ನನ್ನದನ್ನು ಭಾನುವಾರಕ್ಕೆ ಇಟ್ಟಿದ್ದಾರೆ, ನೆಂಟರೆಲ್ಲ ಬರುತ್ತಾರೆ. ಹಸಿರು ಸೀರೆ ತಂದಾಗಿದೆ. ಚಾಪೆ ಹಾಸಿ ಕೂರಿಸಿ, ಆರತಿ ಎತ್ತಿ, ಹಲಗೆಯನ್ನು ಮುಂದೆ ಹಿಡಿಯುತ್ತಾರೆ. ಒತ್ತಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿ ಹೋಳಿಗೆ ಊಟಕ್ಕೆ ಏಳುತ್ತಾರೆ. ಯಾವ ಹೆಸರು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವಿಲ್ಲ, ಎಲ್ಲರಿಗೂ ಕಾಣುತ್ತಿರುತ್ತದೆ.

ಕಾನೂನಿನಲ್ಲಿ ಬೇರೆ ದಾರಿಯಿದೆ, ಇಲ್ಲವೆನ್ನಲಾರೆ. ತಾಲ್ಲೂಕು ಕಚೇರಿಯಲ್ಲಿ ಮರೆಕೋಣೆ ಎಂಬುದೊಂದಿದೆ. ಬೇಕೆಂದವರು ಅಲ್ಲಿ ಹೋಗಿ, ನಿಮ್ಮ ಅಜ್ಜಿಯಂದಿರ ಹಾಗೆ ರಟ್ಟಿನ ಮರೆಯ ಹಿಂದೆ ಕಾಗದದ ಮೇಲೆ ಮುದ್ರೆ ಒತ್ತಬಹುದು. ಹೋದ ವಾರ ಹೋಗಿದ್ದೆ. ಕೋಣೆಯಲ್ಲಿ ಮುರಿದ ಕುರ್ಚಿಗಳಿದ್ದವು. ರಟ್ಟಿನ ಮರೆಯನ್ನು ಮಡಚಿ ಬಾಗಿಲ ಹಿಂದೆ ಒರಗಿಸಿದ್ದರು. ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮನೇಲಿ ಏನಾರ ಜಗಳಾನಾ ತಂಗಿ?" ಅಂದ. "ಈ ಸಲ ಇಬ್ರೇ ಬಂದಿದ್ದು. ಒಂದು ಡೈವೋರ್ಸ್ ಕೇಸು, ಒಂದು ಆಸ್ತಿ ಕೇಸು. ನಿಂದ್ಯಾವುದು?" ಹಿಂದಿದ್ದವರು ನಕ್ಕರು. ಹೆಸರು ಬರೆಸಿದ ಕೂಡಲೇ ಮನೆಹಲಗೆಗೆ ಸುದ್ದಿ ಹೋಗುತ್ತದೆಂದೂ ಅವನೇ ಹೇಳಿದ. ಜಗಳ ಇಲ್ಲ ಅಣ್ಣ ಎಂದು ಹೇಳಿ ಮನೆಗೆ ಬಂದುಬಿಟ್ಟೆ.

ನಿಮ್ಮ ಮೇಲೆ ನನಗಿರುವ ಸಿಟ್ಟಿಗೆ ಇದೇ ಕಾರಣ. ನಿಮ್ಮ ಅಜ್ಜಿಯಂದಿರಿಗೆ ಆ ರಟ್ಟಿನ ಹಿಂದೆ ಒಬ್ಬರೇ ಹೋಗುವುದು ಕಡ್ಡಾಯವಾಗಿತ್ತು. ಗಂಡ ಹಿಂದೆಯೇ ಬಂದರೆ ಪೊಲೀಸಿನವನು ತಡೆಯುತ್ತಿದ್ದ. ಎಲ್ಲರೂ ಹೋಗಲೇಬೇಕಾಗಿದ್ದರಿಂದ ಹೋದವಳ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಹೊರಗೆ ಬಂದು ಗಂಡನಿಗೆ "ನೀವು ಹೇಳಿದವರಿಗೇ" ಎಂದು ಸುಳ್ಳು ಹೇಳಬಹುದಿತ್ತು. ನೀವು ಅದನ್ನು ಬೇಕಾದವರಿಗೆ ಮಾತ್ರ ಎಂದು ಮಾಡಿದಿರಿ. ಈಗ ಮರೆ ಬೇಕು ಎಂದು ಕೇಳಿದರೆ ಸಾಕು, ಕೇಳಿದವಳು ಮನೆಮುರುಕಿ. ಸುಳ್ಳು ಹೇಳುವಷ್ಟು ಜಾಗವನ್ನೂ ನಮಗೆ ಉಳಿಸಲಿಲ್ಲ. ಅದನ್ನು ಸೌಕರ್ಯ ಎಂದು ಕರೆದಿರಿ.

ಈ ಪತ್ರ ಹೇಗೋ ನಿಮಗೆ ತಲುಪಿದರೆ, ಬೀಗದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಿ. ಆ ರಟ್ಟಿನ ತುಂಡನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಬಿಸಿಲಾದರೆ ಮೇಲೆ ನೆರಳು ಕಟ್ಟಿ. ಅಜ್ಜಿಗೆ ನಡೆಯಲಾಗದಿದ್ದರೆ ರಟ್ಟನ್ನೇ ಅವಳ ಮಂಚದ ಹತ್ತಿರ ಒಯ್ದು, ಉಳಿದವರನ್ನು ಹೊರಗೆ ಕಳಿಸಿ.

ಭಾನುವಾರದವರೆಗೆ ನಾನು ಕಾಯುವುದಿಲ್ಲ. ನಾಳೆ ಕಚೇರಿ ತೆರೆಯುವ ಹೊತ್ತಿಗೆ ಹಸಿರು ಸೀರೆ ಉಟ್ಟು ಹೋಗುತ್ತೇನೆ. ಸುದ್ದಿ ನನಗಿಂತ ಮೊದಲು ಮನೆ ಸೇರುತ್ತದೆ, ಗೊತ್ತು. ರಾತ್ರಿ ಅಡುಗೆಮನೆಯಲ್ಲಿ ಅಮ್ಮನ ಜಾಗದಲ್ಲಿ ಕೂತು ಒಬ್ಬಳೇ ಉಣ್ಣಬೇಕಾಗಬಹುದು. ಅವಳು ಬಂದು ಪಕ್ಕದಲ್ಲಿ ಕೂರುತ್ತಾಳೋ ಇಲ್ಲವೋ, ಅದು ಗೊತ್ತಿಲ್ಲ. ಗುಮಾಸ್ತ ಅದೇ ಪ್ರಶ್ನೆ ಕೇಳುತ್ತಾನೆ, ಹಿಂದಿದ್ದವರು ನಗುತ್ತಾರೆ. ಈ ಸಲ ಹೌದು ಅಣ್ಣ, ಜಗಳ ಇದೆ ಎನ್ನುತ್ತೇನೆ.

ಹಾಲಮ್ಮ