ಹೆದರಿಕೆ ಮಾತ್ರ ಅಸಲಿ

ಮನಿಲಾ
೧೯೭೩, ಅಕ್ಟೋಬರ್ ೪, ಗುರುವಾರ

ಪ್ರೀತಿಯ ಲುಸಿಂಗ್,

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಕೆಲಸ ಜಾಸ್ತಿ, ಪುರಸೊತ್ತಿಲ್ಲ ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಅದು ಸುಳ್ಳು. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಹರಿದುಹಾಕಿದೆ. ಅಕ್ಕನನ್ನು ಕ್ಷಮಿಸು.

ನೀನು ಕಳಿಸಿದ ಒಣಮೀನು ತಲುಪಿತು. ಮನೆಯೊಡತಿ ಸೇಲ್ಯಾ ಮೂಗು ಮುಚ್ಚಿಕೊಂಡೇ ಅರ್ಧ ಖಾಲಿ ಮಾಡಿದಳು. "ನಿಮ್ಮೂರಿನೋರು ಬದುಕಿರೋ ಮೀನನ್ನ ಯಾಕಮ್ಮ ಇಷ್ಟು ಕೊಲ್ತೀರಿ?" ಎನ್ನುತ್ತ ಎರಡನೇ ತಟ್ಟೆ ಅನ್ನಕ್ಕೂ ಕೈ ಹಾಕಿದಳು. ಅಮ್ಮನ ಮಂಡಿನೋವಿಗೆ ತೈಲ ಕಳಿಸಿದ್ದೇನೆ. ಕುಡಿಯುವುದಕ್ಕಲ್ಲ, ಹಚ್ಚುವುದಕ್ಕೆ ಎಂದು, ಸಿಕ್ಕ ಔಷಧಿಯನ್ನೆಲ್ಲ ಕುಡಿಯುವ ದೊಡ್ಡಮ್ಮನಿಗೆ ಒತ್ತಿ ಹೇಳು.

ಇನ್ನು ನಿನ್ನ ವಿಷಯ. ನಾವೆಲ್ಲ 'ಡಿರೆಕ್' ಎನ್ನುವ ನಮ್ಮ ನಿರ್ದೇಶಕರಿಂದ ನಿನಗೆ ತಂತಿ ಬಂತಂತೆ, ನಾಯಕಿ ಪಾತ್ರ ಕೊಟ್ಟಿದ್ದಾರಂತೆ; ಹದಿನಾಲ್ಕಕ್ಕೆ ನಾಗಾದಿಂದ ರೈಲು ಹತ್ತುತ್ತೇನೆ ಎಂದು ಬರೆದಿದ್ದೀಯ. ಕಾಗದದ ತುದಿಯಲ್ಲಿ ಹೂವು ಬೇರೆ ಬಿಡಿಸಿದ್ದೀಯ. "ಅಕ್ಕಾ, ನಿಮ್ಮ ಡಿರೆಕ್ ಆರ್ತೆಮಿಯೊ ಭೂತದ ಪಿಕ್ಚರ್‌ಗಳಲ್ಲಿ ದುಡ್ಡೂ ಇಲ್ಲ, ಹೆಸರಿರೋ ನಟರೂ ಇಲ್ಲ, ಆದ್ರೂ ಜನ ಹಂಗೆ ಮುಗಿಬೀಳ್ತಾರಲ್ಲ, ಅದರ ಗುಟ್ಟೇನು? ನಾನು ಹೇಗೆ ಮಾಡಿದ್ರೆ ಚೆನ್ನಾಗಿರುತ್ತೆ?" ಎಂದು ಕೇಳಿದ್ದೀಯ. ಒಂಬತ್ತು ವರ್ಷದಿಂದ ಕತ್ತರಿ ಹಿಡಿದು ಅವರ ರೀಲು ಕತ್ತರಿಸಿ ಅಂಟಿಸುತ್ತಿರುವವಳು ನಾನು. ನನ್ನನ್ನಲ್ಲದೆ ಇನ್ನಾರನ್ನು ಕೇಳುತ್ತೀಯ?

ನಮ್ಮ ಚಿತ್ರಗಳ ಭೂತ ಎಂದರೆ ಗೋರಿಯೊ. ಒಳ್ಳೆಯ ಮನುಷ್ಯ, ಐದು ಮಕ್ಕಳ ತಂದೆ. ಹಳೆಯ ಟೈರಿನ ಟ್ಯೂಬು, ಬೂರುಗದ ಹತ್ತಿ, ಎರಡು ಪಿಂಗ್‌ಪಾಂಗ್ ಚೆಂಡು ಸೇರಿಸಿ ಅವನ ಹೆಂಡತಿಯೇ ಹೊಲಿದ ವೇಷ. ಅದೇ ವೇಷ ಮೊದಲು ಚಂದ್ರಲೋಕದ ಪ್ರಾಣಿಯಾಗಿತ್ತು, ಆಮೇಲೆ ಕಾಡಿನ ಭೂತವಾಯಿತು. ಈಗ ಹಸಿರು ಬಣ್ಣ ಬಳಿದಿದ್ದಾರೆ, ಸರೋವರದ ಭೂತ. ಅದನ್ನು ಪೂರ್ತಿ ತೋರಿಸಿದರೆ ಬಣ್ಣ ಬಯಲು. ಹಾಗಾಗಿ ಒಂದು ಕೈ, ಒಂದಿಷ್ಟು ಬೆನ್ನು, ಅಲುಗುವ ಜೊಂಡು, ಅಷ್ಟೇ. ಉಳಿದದ್ದನ್ನು ನೋಡುವವರು ತಾವೇ ಕಟ್ಟಿಕೊಳ್ಳುತ್ತಾರೆ. ಎಲುಬು ಮುರಿಯುವ ಸದ್ದಿಗೆ ನಾನು ಎಲೆಕೋಸು ಸೀಳುತ್ತೇನೆ. ಆ ಕೋಸಿನದೇ ಪಲ್ಯ ಮಾಡಿ ತಿನ್ನುತ್ತೇವೆ. ಎಂಟು ದಿನದಲ್ಲಿ ಚಿತ್ರೀಕರಣ ಮುಗಿಯಬೇಕು, ಪ್ರತಿ ದೃಶ್ಯವೂ ಒಂದೇ ಸಲಕ್ಕೆ ಆಗಬೇಕು.

ಇದೆಲ್ಲ ಕೈಚಳಕ, ಯಾರು ಬೇಕಾದರೂ ಮಾಡಬಹುದು, ಮಾಡಿದವರ ಚಿತ್ರಗಳು ಮೂರೇ ದಿನಕ್ಕೆ ಮೂಲೆ ಸೇರಿವೆ. ಡಿರೆಕ್ ಹೇಳುವ ಗುಟ್ಟು ಬೇರೆ. "ಭೂತ ರಬ್ಬರಿನದಾದ್ರೂ ನಡೀತದೆ ಕಣ್ರಯ್ಯಾ, ಹೆದರಿಕೆ ಮಾತ್ರ ಅಸಲಿ ಇರ್ಬೇಕು. ಅದೊಂದು ಪುಕ್ಕಟೆ ಸಿಗೋ ಮಾಲು."

ಆ ಮಾಲನ್ನು ಅವರು ಹುಡುಕುವ ರೀತಿ ಕೇಳು. ಪ್ರತಿ ಚಿತ್ರದ ಮೊದಲ ದಿನ ಬಾಳೆಎಲೆ ಹಾಸಿ ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕೂರಿಸುತ್ತಾರೆ. ಅನ್ನ ತಾವೇ ಬಡಿಸುತ್ತ ಒಬ್ಬೊಬ್ಬರನ್ನೇ ಕೇಳುತ್ತಾರೆ: "ನಿಂಗೆ ಯಾವ್ದಕ್ಕಪ್ಪಾ ಭಯ?" ಗೋರಿಯೊ "ಹೆಂಡ್ತಿಗೆ ಡಿರೆಕ್" ಎನ್ನುತ್ತಾನೆ, ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಡಿರೆಕ್ ಬರೆದುಕೊಳ್ಳುವುದಿಲ್ಲ. ಆದರೆ ಒಂದನ್ನೂ ಮರೆಯುವುದಿಲ್ಲ.

ಕಳೆದ ವರ್ಷ ಪೆರ್ಲಿಟಾ ಎಂಬ ನಟಿ ಹೇಳಿದಳು: "ನಂಗೆ ಮುಚ್ಚಿದ ಜಾಗ ಆಗೋದಿಲ್ಲ." ಯುದ್ಧಕಾಲದಲ್ಲಿ, ಸೈನಿಕರು ಮನೆ ಹೊಕ್ಕಾಗ, ನಾಲ್ಕು ವರ್ಷದ ಅವಳನ್ನು ಅಕ್ಕಿಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರಂತೆ. ತೆಗೆಯಲು ಮನೆಯವರು ಯಾರೂ ಉಳಿದಿರಲಿಲ್ಲ.

ಐದನೆಯ ದಿನ ಅವಳನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದರು. ಒಂದು ಬದಿಗೆ ಗಾಜು, ಆಚೆ ಕ್ಯಾಮೆರಾ. "ಹತ್ತು ಎಣಿಸು ಮಗಳೇ, ತೆಗೀತೀವಿ" ಎಂದು ಡಿರೆಕ್ ತಲೆ ಸವರಿದರು. ಮುಚ್ಚಳಕ್ಕೆ ಮೊಳೆ ಹೊಡೆಸಿದರು. ರೀಲು ಮುಗಿಯುವವರೆಗೂ ತೆಗೆಸಲಿಲ್ಲ.

ನಾನಲ್ಲಿ ಇರಲಿಲ್ಲ. ರೀಲು ನನ್ನ ಮೇಜಿಗೆ ಬಂತು. ನಮ್ಮಲ್ಲಿ ಚಿತ್ರೀಕರಿಸುವಾಗ ಧ್ವನಿ ಹಿಡಿಯುವುದಿಲ್ಲವಲ್ಲ, ಮೂಕಿಯಾಗಿಯೇ ನೋಡಿದೆ. ಒಂದು ನಿಮಿಷವಾದ ಮೇಲೆ ಅವಳ ತುಟಿ ಏನೋ ಹೇಳುತ್ತಿತ್ತು. ಹಿಂದೆ ಮುಂದೆ ಓಡಿಸಿ ಓದಿದೆ. "ಇದು ನಟನೆ ಅಲ್ಲ, ತೆಗೀರಿ. ನಟನೆ ಅಲ್ಲ." ರೀಲು ನಿಲ್ಲಿಸಿ ಕತ್ತರಿ ಕೈಗೆತ್ತಿಕೊಂಡೆ ಲುಸಿಂಗ್. ಆದರೂ ಕತ್ತರಿಸಲಿಲ್ಲ. ತುಟಿಯ ಮೇಲೆ ಗುಡುಗಿನ ಸದ್ದು ಹಾಕಿದೆ, ಬೇರೊಬ್ಬಳನ್ನು ಕರೆಸಿ ಕಿರುಚಿಸಿದೆ. ಚಿತ್ರ ಏಳು ವಾರ ಓಡಿತು. ನೀನೂ ಅಲ್ಲಿ ನೋಡಿ, "ಆ ಪೆಟ್ಟಿಗೆ ಸೀನು! ಅಬ್ಬಬ್ಬಾ, ಎಂಥಾ ನಟಿ!" ಎಂದು ಬರೆದಿದ್ದೆ. ಪೆರ್ಲಿಟಾ ಈಗ ಅವಳ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ನೋಡಲು ಹೋಗಿದ್ದೆ. ಮನೆಯ ಬಾಗಿಲುಗಳನ್ನೆಲ್ಲ ಕಿತ್ತು ಹಾಕಿದ್ದಾರೆ. ನನ್ನನ್ನು ಕಂಡು ಎದ್ದು ಹಿತ್ತಲಿಗೆ ಹೋದವಳು ಮತ್ತೆ ಬರಲಿಲ್ಲ.

ಈ ಸಲದ ಕಥೆ ಸರೋವರದ್ದು. ಮದುಮಗಳನ್ನು ಭೂತ ನೀರಿಗೆಳೆಯುತ್ತದೆ. ಮದುಮಗಳು ನೀನು. ನಮ್ಮ ತಮ್ಮ ಇಸ್ಕೊ ನೀರುಪಾಲಾದ ಮೇಲೆ ಹದಿಮೂರು ವರ್ಷದಿಂದ ನದಿಯ ಮೆಟ್ಟಿಲನ್ನೇ ಇಳಿಯದವಳು, ಬಕೆಟ್ಟಿನ ನೀರನ್ನೂ ಬಾಗಿಲು ತೆರೆದಿಟ್ಟುಕೊಂಡೇ ಮೈಗೆ ಹೊಯ್ದುಕೊಳ್ಳುವವಳು. ದೃಶ್ಯಗಳ ಪಟ್ಟಿ ನಿನ್ನೆ ನನ್ನ ಕೈಗೆ ಬಂತು. ದೋಣಿಯ ದೃಶ್ಯದ ಮುಂದೆ ಡಿರೆಕ್ ಕೈಬರಹದಲ್ಲಿ ಎರಡೇ ಮಾತು: 'ಒಂದೇ ಸಲ. ಹುಡುಗಿಗೆ ಹೇಳಬೇಡಿ.' ದೋಣಿ ಮಗುಚುತ್ತದೆ. ನೀರೊಳಗೆ ಕಾಲು ಹಿಡಿದುಕೊಂಡು ಇಪ್ಪತ್ತು ಎಣಿಸಬೇಕೆಂದು ಗೋರಿಯೊಗೆ ಅಪ್ಪಣೆಯಾಗಿದೆ. "ಆ ಮುಖವಾಡದಲ್ಲಿ ನಂಗೆ ಏನೂ ಕಾಣ್ಸಲ್ಲ, ಕೇಳ್ಸಲ್ಲ ನಿಲ್ಡಾ. ಅವಳು ಮುಳುಗ್ತಿದಾಳೋ ನಟಿಸ್ತಿದಾಳೋ ನಂಗೆ ಹೆಂಗ್ ಗೊತ್ತಾಗ್ಬೇಕು?" ಎಂದು ಅವನೇ ಬಂದು ಕೈಕೈ ಹಿಸುಕಿಕೊಂಡ.

ಡಿರೆಕ್ ಹತ್ತಿರ ಹೋದೆ. "ನನ್ನ ತಂಗಿ ಬೇಡ, ಬೇರೆಯವರನ್ನ ಹಾಕ್ಕೊಳ್ಳಿ" ಎಂದೆ. ಅವರು ನಕ್ಕರು. "ನಿನ್ನ ತಂಗಿ ನನ್ನ ತಂಗಿ ಅಲ್ವೇನಮ್ಮಾ? ಸುತ್ತ ಹತ್ತು ಜನ ಈಜುಗಾರರು ಇರ್ತಾರೆ" ಎಂದರು. ಪಟ್ಟಿಯಲ್ಲಿ ಈಜುಗಾರರು ಒಬ್ಬರೂ ಇಲ್ಲ, ನಾನು ನೋಡಿದ್ದೇನೆ.

ಚಿತ್ರೀಕರಣಕ್ಕೆ ಮಳೆ ಬರದಿರಲೆಂದು ಸಂತ ಕ್ಲಾರಾಳಿಗೆ ಮೊಟ್ಟೆ ಒಪ್ಪಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಎರಡು ಡಜನ್ ಒಯ್ದು ಸನ್ಯಾಸಿನಿಯರ ಕೈಗಿಟ್ಟೆ. ಬಿರುಗಾಳಿ ಬರಲಿ ತಾಯೇ, ಸೇತುವೆ ಕೊಚ್ಚಿಹೋಗಲಿ, ರೈಲು ನಿಲ್ಲಲಿ ಎಂದು ಬೇಡಿಕೊಂಡು ಬಂದೆ. ಆಕಾಶ ಮಾತ್ರ ಮೂರು ದಿನದಿಂದ ಶುಭ್ರವಾಗಿದೆ.

ಆದ್ದರಿಂದ ಬರಬೇಡ. ಮೈಗೆ ಹುಷಾರಿಲ್ಲವೆಂದು ತಂತಿ ಕೊಡು, ಅಮ್ಮ ಬಿಡಲಿಲ್ಲವೆನ್ನು, ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ಊರೆಲ್ಲ ಹೇಳಿಕೊಂಡು ಬಾ, ನನಗೇನೂ ಬೇಸರವಿಲ್ಲ. ಟಿಕೆಟ್ ಹರಿದು ಒಲೆಗೆ ಹಾಕು.

ದೇವಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ನಿನಗೆ ಒಳ್ಳೆಯ ಗಂಡ, ಗಟ್ಟಿ ಮಕ್ಕಳು, ನೆಲದ ಮೇಲಿನ ದೀರ್ಘ ಬಾಳು ಸಿಗಲಿ.

ನಿನ್ನ ಅಕ್ಕ,
ಬೆನಿಲ್ಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದ್ದು. "ಹಳ್ಳಿಯಲ್ಲಿರುವ ನಾನು ಡಿರೆಕ್ ಕಣ್ಣಿಗೆ ಹೇಗೆ ಬಿದ್ದೆ, ನಾನು ಮಾಡಿದ ಚರ್ಚಿನ ನಾಟಕ ಯಾರಾದರೂ ನೋಡಿದ್ದರಾ" ಎಂದು ಕೇಳಿದ್ದೀಯ. ಯಾರೂ ನೋಡಿಲ್ಲ. ಆಗಸ್ಟಿನಲ್ಲಿ, ಹಿಂದಿನ ಚಿತ್ರದ ಊಟದಲ್ಲಿ, ನನ್ನ ಸರದಿ ಬಂದಾಗ ಹೇಳಲು ನನಗೆ ಯಾವ ಭಯವೂ ಹೊಳೆಯಲಿಲ್ಲ, ನಿನ್ನದನ್ನು ಹೇಳಿದೆ. ಇಸ್ಕೊನ ಕೈ ನಿನ್ನ ಕೈಯಿಂದ ಜಾರಿದ್ದು, ನೀನು ಕತ್ತಿನವರೆಗೂ ನೀರಿನಲ್ಲಿ ನಿಂತೇ ಇದ್ದದ್ದು, ಎಲ್ಲ ಹೇಳಿದೆ. ತುಂಬ ಚೆನ್ನಾಗಿ ಹೇಳಿದೆ ಲುಸಿಂಗ್, ಎಲ್ಲರೂ ಊಟ ನಿಲ್ಲಿಸಿ ಕೇಳಿದರು. ಡಿರೆಕ್ ನನ್ನ ಎಲೆಗೆ ಮೀನಿನ ತುಂಡು ಬಡಿಸಿ, "ತಂಗಿ ಹೆಸರೇನು?" ಎಂದರು. ಹೆಸರೂ ಕೊಟ್ಟೆ, ವಿಳಾಸವೂ ಕೊಟ್ಟೆ. ಯಾಕೆ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು, ಪೆರ್ಲಿಟಾಳ ರೀಲು ಅಂಟಿಸಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಒಂದೇ, ಚಿತ್ರ ಚೆನ್ನಾಗಿ ಬರುತ್ತದೆ ಎಂದು. ಬೈಯಬೇಕೆಂದರೆ ಬೈದು ಕಾಗದ ಬರೆ, ಜನ್ಮದಲ್ಲಿ ಮಾತಾಡಬೇಡ, ಆದರೆ ಬರಬೇಡ.