ನೀವು ನಾಳೆ ಬದಲಾಯಿಸಬೇಕಿದ್ದ ಟೀಮು

ಯಜಮಾನರೇ,

ಹೀಗೆ ಕರೆದರೆ ನಿಮಗೆ ಆಗುತ್ತಿರಲಿಲ್ಲ. ‘ಲೇ ರತ್ನ, ನಾನೇನು ಜಮೀನ್ದಾರನಾ? ಸುಮ್ನೆ ರೀ ಅನ್ನು’ ಎಂದು ರೇಗುತ್ತಿದ್ದಿರಿ. ಈಗ ರೇಗುವುದಕ್ಕಾದರೂ ಒಂದು ಸಲ ಬನ್ನಿ ನೋಡೋಣ... ಬರುವುದಿಲ್ಲ, ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮನೆಯ ಸಮಾಚಾರ ಹೇಳುವುದಕ್ಕಲ್ಲ. ಮನೆ ಹೇಗೋ ನಡೆಯುತ್ತಿದೆ, ನನ್ನ ಹೊಲಿಗೆ ಅಂಗಡಿಯೂ ನಡೆಯುತ್ತಿದೆ. ನಿಮಗೆ ಬೇಕಾದದ್ದು ನಿಮ್ಮ ಕಾಲೇಜಿನ ಫುಟ್‌ಬಾಲ್ ಟೀಮಿನ ಸುದ್ದಿ ತಾನೇ? ಮದುವೆಯಾದ ವಾರದಲ್ಲೇ ನನ್ನನ್ನು ತವರಲ್ಲಿ ಕೂರಿಸಿ ಮ್ಯಾಚಿಗೆ ಓಡಿದವರಲ್ಲವೇ ನೀವು? ಹಾಗಾದರೆ ಕೇಳಿ. ನೀವು ಹೋದ ಮೇಲೆ, ಅರ್ಧ ಸೀಸನ್ ಮುಗಿಯುವ ಹೊತ್ತಿಗೆ, ನಿಮ್ಮ ಹುಡುಗರು ಒಂದೇ ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ.

ನೀವು ಹೋಗುವ ಹಿಂದಿನ ಸಂಜೆ ನೆನಪಿದೆಯಾ? ಗ್ರೌಂಡಿನಿಂದ ನೇರ ನನ್ನ ಅಂಗಡಿಗೆ ಬಂದು, ಶೂ ಬಿಚ್ಚಿ ಮೆಟ್ಟಿಲ ಮೇಲೆ ಕೂತು ಟೀ ಕುಡಿದಿರಿ. ನಾನು ಯಾರದೋ ಕುಪ್ಪಸದ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದೆ. ಅಳತೆ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಬಿಳಿ ದಾರದಲ್ಲಿ ಉದ್ದುದ್ದ ಹಾಕಿ, ಆಮೇಲೆ ಕಿತ್ತುಬಿಡುವ ಹೊಲಿಗೆ. ಅದನ್ನೇ ನೋಡುತ್ತಾ ನೀವು ನಕ್ಕಿರಿ. ‘ಇವತ್ತು ನಾನೂ ನಿನ್ನಂಗೇ ಕಚ್ಚಾ ಹೊಲಿಗೆ ಆಕ್ಬಂದಿವ್ನಿ ಕಣೇ’ ಅಂದಿರಿ. ಬ್ಯಾಕ್ ಆಡುವ ಚೇತನ್ ಅಕ್ಕನ ಮದುವೆಗೆಂದು ಸುತ್ತೂರಿಗೆ ಹೋಗಿದ್ದನಂತೆ. ಹಿಂದೆ ನಿಲ್ಲುವವರು ಯಾರೂ ಇರಲಿಲ್ಲವಂತೆ. ಅದಕ್ಕೆ ಗೋಲು ಹೊಡೆಯುವ ಮಾದೇಶನನ್ನೇ ಮುಂದಿನಿಂದ ತೆಗೆದು ಹಿಂದೆ ಹಾಕಿ ಬಂದಿದ್ದಿರಂತೆ. ‘ಆ ಮಗ ಯಾಕೆ ಅಂತ ಒಂದು ಮಾತೂ ಕೇಳ್ನಿಲ್ಲ, ಓಗಿ ನಿಂತ್ಕಂಡ. ಗೋಲ್ ಒಡಿಯೋನ್ನ ಕಾವಲಿಗೆ ನಿಲ್ಲಿಸ್ಬುಟ್ಟೆ. ನಾಳೆ ಬಿಚ್ಚಿ ಸರಿಯಾಗಿ ಒಲೀತೀನಿ’ ಅಂದಿರಿ. ನಾನು ‘ಮೊದಲು ಲೋಟ ತೊಳೆದಿಡಿ’ ಅಂದೆ. ಬೆಳಿಗ್ಗೆ ನೀವು ಏಳಲೇ ಇಲ್ಲ.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಕ್ಯಾಪ್ಟನ್ ಕಾಂತರಾಜು, ಮಾದೇಶ ಇಬ್ಬರೂ ಅಂಗಡಿಗೆ ಬಂದರು. ಹರಿದ ಚಡ್ಡಿಗಳ ಒಂದು ಗಂಟು ತಂದಿದ್ದರು. ಮುಖ ಬಾಡಿತ್ತು. ‘ಏನ್ರೋ, ಇನ್ನೂ ಗೆದ್ದಿಲ್ವಂತೆ?’ ಅಂದೆ. ಕಾಂತರಾಜು ತಲೆ ತಗ್ಗಿಸಿದ. ‘ಏನ್ ಮಾಡಾದಕ್ಕ, ಕೊನೇಲಿ ಗೋಲ್ ಬಿಟ್ಕೊಡ್ತೀವಿ. ನಾವು ಒಡಿಯಾಕೇ ಆಗ್ತಿಲ್ಲ. ಆದ್ರೆ ಒಂದು ಮಾತ್ರ ಅಕ್ಕ, ಸಾರು ಕೊನೇ ದಿನ ಆಕ್ಕೊಟ್ರಲ್ಲ ಟೀಮು, ಅದ್ನ ಮುಟ್ಟಿಲ್ಲ. ಒಬ್ರುನ್ನೂ ಆ ಕಡೆ ಈ ಕಡೆ ಮಾಡಿಲ್ಲ.’ ಇದನ್ನು ಎಷ್ಟು ಹೆಮ್ಮೆಯಿಂದ ಹೇಳಿದ ಗೊತ್ತಾ? ಪಕ್ಕದಲ್ಲಿ ಮಾದೇಶ ಹೌದೆಂದು ತಲೆಯಾಡಿಸಿದ. ನನ್ನ ಕಾಲು ಮಿಷಿನ್ ಪೆಡಲ್ ಮೇಲೆ ಹಾಗೇ ನಿಂತಿತು. ಅಂದರೆ ಚೇತನ್ ಮದುವೆ ಊಟ ಮುಗಿಸಿ ವಾಪಸ್ ಬಂದವನು ಇಷ್ಟು ದಿನವೂ ಹೊರಗೆ ಕೂತಿದ್ದಾನೆ! ಗೋಲು ಹೊಡೆಯುವವನು ಇಷ್ಟು ದಿನವೂ ಹಿಂದೆ ನಿಂತಿದ್ದಾನೆ! ನೀವು ಒಂದು ಸಂಜೆಗೆಂದು ಹಾಕಿದ್ದನ್ನು ಇವರು ಶಾಸನ ಮಾಡಿಕೊಂಡುಬಿಟ್ಟಿದ್ದಾರೆ.

ಆವತ್ತೇ ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ‘ನಿಮ್ಮ ಸಾರು ಮಾಡಿದ್ದು ತಪ್ಪು ಕಣ್ರೋ’ ಅಂತಲೇ? ನೀವಿದ್ದಾಗ ಈ ಮಾತನ್ನು ದಿನಕ್ಕೊಂದು ಸಲ ಖುಷಿಯಾಗಿ ಹೇಳುತ್ತಿದ್ದವಳು ನಾನು. ಈಗ ಬಾಯಿ ಬರಲಿಲ್ಲ. ನಿಮ್ಮ ಜಾಗದಲ್ಲಿ ಟೀಮ್ ನೋಡಿಕೊಳ್ಳುತ್ತಿರುವ ಕಾಮರ್ಸ್ ಮೇಷ್ಟ್ರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡು ಸುಮ್ಮನೆ ವಿಚಾರಿಸಿದೆ. ಪಾಪ, ಒಳ್ಳೆಯ ಮನುಷ್ಯ. ಕೈ ಮುಗಿದು ‘ಅವ್ರು ಮಾಡಿಟ್ಟದ್ದನ್ನ ಮುಟ್ಟೋಕೆ ನಾನ್ಯಾರಮ್ಮ’ ಅಂದರು. ‘ಮಾದೇಶಂದೇ ಬೇಜಾರು. ಇದು ಅವನ ಕೊನೇ ವರ್ಷ. ಯೂನಿವರ್ಸಿಟಿ ಟೀಮಿಗೆ ಆರಿಸೋರು ಈ ಮ್ಯಾಚ್‌ಗಳಲ್ಲೇ ನೋಡೋದು. ಹಿಂದೆ ನಿಂತ್ರೆ ಅವನು ಯಾರ ಕಣ್ಣಿಗೆ ಬೀಳ್ತಾನೆ?’ ಎಂದೂ ಅವರೇ ಹೇಳಿದರು. ತಲಕಾಡಿನ ಬಸ್ಸಿಗೆ ಜೋತುಬಿದ್ದು ಬಂದು ಮೂರು ವರ್ಷ ಆಡಿದ ಹುಡುಗ. ಒಂದು ಸಂಜೆಯ ಮಾತಿಗೆ ಅವನ ವರ್ಷವೇ ಹೋಗುತ್ತದಲ್ಲ ಅನ್ನಿಸಿ ಆಮೇಲೆ ನನಗೆ ಅನ್ನ ಸೇರಲಿಲ್ಲ.

ನಂಜನಗೂಡಿನ ಮ್ಯಾಚಿಗೆ ನಾನೇ ಹೋದೆ. ಹೌದು ರೀ, ನಾನೇ. ‘ಅಲ್ಲಿ ಬಾಯಿಗೆ ಬಂದಂಗೆ ಬಯ್ತಿರ್ತೀನಿ, ನೀನು ಕೇಳಿಸ್ಕೋಬಾರ್ದು’ ಎಂದು ನೀವು ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ಹೋಗಿ ನೋಡಿದರೆ ಬಯ್ಯುವವರೇ ಇಲ್ಲದ ಗ್ರೌಂಡು ಹೇಗಿತ್ತು ಗೊತ್ತಾ? ಹುಡುಗರು ಎಷ್ಟು ಮರ್ಯಾದೆಯಿಂದ ಆಡುತ್ತಿದ್ದರೆಂದರೆ, ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಲ್‌ಕೀಪರು ಈ ವರ್ಷ ಸೇರಿದ ಮಗು. ಚೆಂಡು ಅವನ ಮುಂದೆಯೇ ಬರುತ್ತಿದೆ, ‘ಬಿಡು, ನಂದು’ ಎಂದು ಕೂಗಬೇಕು ತಾನೇ? ಪಕ್ಕದಲ್ಲಿದ್ದ ದೊಡ್ಡ ಹುಡುಗನಿಗೆ ‘ಅಣ್ಣಾ... ನೀವ್ ತಗತೀರಾ?’ ಅನ್ನುತ್ತಾನೆ! ಮದುವೆ ಮನೆಯಲ್ಲಿ ಕಡೇ ಹೋಳಿಗೆಗೆ ಬಲವಂತ ಮಾಡುವ ಹಾಗೆ ಇವನು ಅವನಿಗೆ, ಅವನು ಇವನಿಗೆ ಬಿಟ್ಟುಕೊಟ್ಟು, ಚೆಂಡು ಇಬ್ಬರ ನಡುವೆ ಹಾಯಾಗಿ ಒಳಗೆ ಹೋಯಿತು.

ಇನ್ನೊಂದು ಕೇಳಿ, ನಗಬೇಡಿ. ನೀವು ಮ್ಯಾಚಿಗೆ ಮುಂಚೆ ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ ಕೊಟ್ಟು, ಗೆದ್ದರೂ ಸೋತರೂ ಆಟ ಮುಗಿದ ಮೇಲೆ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದಿರಲ್ಲ? ಈಗ ಇವರು ಗೆಲ್ಲಿಸಪ್ಪಾ ಅಂತ ಕೇಳಿಕೊಳ್ಳಲು ಮೊದಲೇ ಹೋಗುತ್ತಾರೆ. ಹೋದವರು ದಾಸೋಹದಲ್ಲಿ ಕೂತು ಪಾಯಸದ ಸಮೇತ ಉಂಡು ಬರುತ್ತಾರೆ. ಆ ಹೊಟ್ಟೆ ಇಟ್ಟುಕೊಂಡು ಮಟಮಟ ಮಧ್ಯಾಹ್ನ ಓಡಿದರೆ? ಮೊದಲರ್ಧ ಹೇಗೋ ದಾಟಿತು. ಎರಡನೇ ಅರ್ಧದಲ್ಲಿ ಒಬ್ಬೊಬ್ಬನೂ ಪಕ್ಕೆ ಹಿಡಿದುಕೊಂಡು ನಿಂತ. ದೇವರಾದರೂ ಏನು ಮಾಡಿಯಾನು ಹೇಳಿ.

ಇವೆಲ್ಲ ಸರಿ ಹೋಗುವಂಥವು. ನನ್ನ ಕಣ್ಣು ಇದ್ದದ್ದು ಮಾದೇಶನ ಮೇಲೆ. ಹಿಂದೆ ನಿಂತು ಬಂದ ಚೆಂಡನ್ನೆಲ್ಲ ಹೊಡೆದಟ್ಟುತ್ತಿದ್ದ, ಆಮೇಲೆ ಅದು ಹೋದ ಕಡೆಗೇ ನೋಡುತ್ತಾ ನಿಲ್ಲುತ್ತಿದ್ದ. ಮುಂದೆ ಯಾರೂ ಇಲ್ಲದ ಜಾಗದಲ್ಲಿ ಚೆಂಡು ಒಂಟಿಯಾಗಿ ಉರುಳಿಕೊಂಡು ಹೋಗುತ್ತಿತ್ತು. ಆ ಹುಡುಗನ ಕಾಲು ಎರಡು ಹೆಜ್ಜೆ ಮುಂದಕ್ಕೆ ಹೋಗುವುದು, ಏನೋ ಜ್ಞಾಪಕ ಬಂದವನಂತೆ ಮತ್ತೆ ಹಿಂದಕ್ಕೆ ಬರುವುದು. ಜ್ಞಾಪಕ ಬರುತ್ತಿದ್ದದ್ದು ಏನು ಅಂತ ನನಗೊಬ್ಬಳಿಗೇ ಗೊತ್ತಿತ್ತಲ್ಲ. ಆ ಮ್ಯಾಚೂ ಸೋತರು.

ಆಟ ಮುಗಿದು ಹುಡುಗರು ಬೇವಿನ ಮರದ ಕೆಳಗೆ ಕೂತಿದ್ದರು. ಹೋಗಿ ನಿಂತುಕೊಂಡೆ. ನೀವು ಮೆಟ್ಟಿಲ ಮೇಲೆ ಕೂತು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕಚ್ಚಾ ಹೊಲಿಗೆ ಅಂದದ್ದು, ನಾಳೆ ಬಿಚ್ಚುತ್ತೀನಿ ಅಂದದ್ದು, ಎಲ್ಲ. ಚೇತನ್ ಮುಖ ಮುಚ್ಚಿಕೊಂಡ. ‘ನಾನು ಮದ್ವೆಗೆ ಓದೆ ಅಂತ ಸಾರು ಸಿಟ್ಟಾಗಿ ನನ್ನ ತೆಗೆದಾಕ್ಬುಟ್ರು ಅಂದ್ಕಂಡಿದ್ದೆ ಕಣಕ್ಕ. ಅದೇ ಸಿಟ್ಟಲ್ಲೇ ಓಗ್ಬುಟ್ರು ಅಂತ...’ ಅಂದ. ಇಷ್ಟು ದಿನ ಆ ಹುಡುಗ ಇದನ್ನು ಹೊತ್ತುಕೊಂಡು ಹೊರಗೆ ಕೂತಿದ್ದ, ರೀ.

ಮಾದೇಶ ಎದ್ದು ನಿಂತ. ಅವನಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ ನಾನು. ‘ಸುಳ್ಳು’ ಅಂದ. ‘ಸಾರು ನನ್ ಎಗುಲ್ ಮೇಲೆ ಕೈ ಆಕಿ ಯೋಳಿದ್ರು. ನೀನು ಇಂದ್ಗಡೆ ಇದ್ರೆ ನಂಗೆ ಧೈರ್ಯ ಕಣ್ಲಾ ಮಾದೇಶ ಅಂದ್ರು. ಅವ್ರು ನಂಗೆ ಆಡಿದ್ ಕೊನೇ ಮಾತು ಅದು. ಅದೂ ಕಚ್ಚಾ ಹೊಲಿಗೆನಾ ಅಕ್ಕ?’ ಅಂದು, ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬನೇ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ. ಅವನ ವರ್ಷ ಉಳಿಸುತ್ತೇನೆ ಎಂದು ಹೋಗಿ, ಅವನ ಹತ್ತಿರ ನಿಮ್ಮದು ಅಂತ ಇದ್ದ ಒಂದೇ ಒಂದನ್ನೂ ಕಿತ್ತುಕೊಂಡೆನಾ?

ಮಾರನೇ ದಿನ ಅವನೇ ಬಂದ. ಅಂಗಡಿ ಬಾಗಿಲಲ್ಲೇ ನಿಂತ, ಒಳಗೆ ಬಾ ಅಂದರೂ ಬರಲಿಲ್ಲ. ನಾನು ಕತ್ತರಿ ಕೆಳಗಿಟ್ಟೆ. ‘ಅವರು ನಿನಗೆ ಹೇಳಿದ್ದು ಸುಳ್ಳಲ್ಲ ಕಣೋ’ ಅಂದೆ. ‘ಆವತ್ತು ಅವರಿಗೆ ನಿಜವಾಗಿಯೂ ನಿನ್ನಿಂದಲೇ ಧೈರ್ಯ ಬಂತು. ಆದ್ರೆ ಮಾರನೇ ದಿನಕ್ಕೆ ಅಂತ ನಿನಗೆ ಇನ್ನೊಂದು ಮಾತು ಇಟ್ಕೊಂಡಿದ್ರು. ಅದು ನಿನ್ನ ಹತ್ರ ಬರೋ ಬದಲು ನನ್ನ ಹತ್ರ ಉಳಿದುಬಿಡ್ತು. ಎರಡೂ ನಿನ್ನವೇ.’ ‘ಇನ್ನೊಂದ್ಸಲ ಯೋಳಕ್ಕ, ಏನಂದ್ರು?’ ಅಂದ. ಹೇಳಿದೆ. ‘ಆ ಮಗ ಅಂದ್ರಾ?’ ಅಂದ. ‘ಆ ಮಗ ಅಂದ್ರು’ ಅಂದೆ. ಆಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತ. ನಾನೂ ಅತ್ತೆ. ನೀವು ಹೋದ ದಿನ ನೆಂಟರ ಮಧ್ಯೆ ನನಗೆ ಅಷ್ಟು ಅಳುವುದಕ್ಕೆ ಆಗಿರಲಿಲ್ಲ.

ಮೊನ್ನೆ ನಮ್ಮೂರಿನಲ್ಲೇ ಮ್ಯಾಚು. ಬೆಳಿಗ್ಗೆ ಅವಲಕ್ಕಿ ನಾನೇ ಒಗ್ಗರಣೆ ಹಾಕಿ ಕಳಿಸಿದ್ದೆ, ಯಾರೂ ದೇವಸ್ಥಾನದ ಕಡೆ ಸುಳಿಯಕೂಡದು ಎಂದು ತಾಕೀತು ಮಾಡಿದ್ದೆ. ಗೋಲ್‌ಕೀಪರ್ ಮಗುವಿನ ಕಿವಿ ಹಿಂಡಿ, ‘ಗ್ರೌಂಡಿನ ಒಳಗೆ ಯಾರೂ ಅಣ್ಣ ಅಲ್ಲ, ಕಿರುಚು’ ಅಂದಿದ್ದೆ. ಕಿರುಚಿದ ನೋಡಿ! ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿ ನಿಂತಿತು. ಚೇತನ್ ಹಿಂದೆ, ಮಾದೇಶ ಎಲ್ಲರಿಗಿಂತ ಮುಂದೆ. ನೀವು ‘ನಾಳೆ’ ಅಂದಿದ್ದ ಟೀಮು, ಹೆಚ್ಚೂಕಡಿಮೆ ಅದೇ. ಈಗ ಗೆಲ್ಲುತ್ತಾರೆ ಅಂದುಕೊಂಡೆ. ಆ ಟೀಮು ಗೆಲ್ಲಲಿಲ್ಲ ರೀ. ಮುಂದೆ ನಿಂತ ಮಾದೇಶನನ್ನು ಎದುರು ಟೀಮಿನ ಎರಡು ಮೂರು ಜನ ಸುತ್ತುಗಟ್ಟಿದರು, ಅವನ ಹತ್ತಿರಕ್ಕೆ ಚೆಂಡೇ ಬರಲಿಲ್ಲ. ಅರ್ಧ ಆಟಕ್ಕೆ ಒಂದು ಗೋಲು ಹಿಂದಿದ್ದೆವು.

ನಾನು ಸಪ್ಪಗೆ ಕೂತಿದ್ದೆ. ಅಷ್ಟರಲ್ಲಿ ಕಾಂತರಾಜು ಹುಡುಗರನ್ನು ಸುತ್ತ ಸೇರಿಸಿಕೊಂಡು, ನನಗೂ ಕೇಳುವ ಹಾಗೆ ಹೇಳಿದ. ‘ಮಾದೇಶ, ನೀನು ಮುಂದೆ ಬ್ಯಾಡ. ಇಂದ್ಗಡೇನೂ ಬ್ಯಾಡ. ಮಧ್ಯದಲ್ಲಿ ಆಡು. ಇಷ್ಟು ದಿನ ಇಂದೆ ನಿಂತು ನಿಂಗೆ ಇಡೀ ಗ್ರೌಂಡ್ ಕಾಣಾದು ಬಂದದೆ, ನಾನು ನೋಡಿವ್ನಿ. ಚೆಂಡು ನೀನು ಕೊಡು, ಮುಂದೆ ನಾನು ಓಡ್ತೀನಿ.’ ಕಾಮರ್ಸ್ ಮೇಷ್ಟ್ರು ಗಾಬರಿಯಾಗಿ ನನ್ನ ಮುಖ ನೋಡಿದರು. ‘ಸಾರು ಯೋಳಿದ್ದಲ್ಲ ಸಾ’ ಅಂದ ಕಾಂತರಾಜು. ‘ನಾನೇ ಮಾಡಿದ್ದು. ತಪ್ಪಾದ್ರೆ ನಂದು.’

ಮಾದೇಶ ಮಧ್ಯದಲ್ಲಿ ಹೇಗೆ ಆಡಿದ ಎಂದು ಬರೆಯಲು ನನಗೆ ನಿಮ್ಮ ಭಾಷೆ ಬರುವುದಿಲ್ಲ. ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡಿಬಿಡುತ್ತಿದ್ದ, ಎಲ್ಲಿ ಯಾರೂ ಇಲ್ಲವೋ ಅಲ್ಲಿಗೆ ಕಳಿಸುತ್ತಿದ್ದ, ಕಾಂತರಾಜು ಅಲ್ಲಿರುತ್ತಿದ್ದ. ಒಂದು ಗೋಲು ಹಾಗೆ ಬಂತು. ಕೊನೆಗೆ, ಎಲ್ಲರೂ ಸುಸ್ತಾಗುವ ಹೊತ್ತಿಗೆ, ಇನ್ನೊಂದು. ಆಚೆ ಬದಿಯಲ್ಲಿ ನಿಂತಿದ್ದ ಆರಿಸುವವರಲ್ಲಿ ಒಬ್ಬರು ಅವನ ಹೆಸರು ಕೇಳಿಕೊಂಡು ಹೋದರಂತೆ. ತೆಗೆದುಕೊಳ್ಳುತ್ತಾರೋ ಬಿಡುತ್ತಾರೋ ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ನಿಮಗೆ ಹೇಳುತ್ತೇನೆ.

ಮ್ಯಾಚ್ ಮುಗಿದ ಮೇಲೆ ಕಾಂತರಾಜು ಏದುಸಿರು ಬಿಡುತ್ತಾ ಬಂದು ಕೇಳಿದ, ‘ಅಕ್ಕ, ಸಾರು ಇದ್ದಿದ್ರೆ ಏನಂತಿದ್ರು?’

‘ಬಯ್ಯೋರು’ ಅಂದೆ. ‘ನನ್ನ ಕೇಳ್ದೆ ಯಾಕ್ಲಾ ಬದಲಾಯಿಸ್ದೆ ಅಂತ.’

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನೀವು ಹೋದ ಮೇಲೆ ನಿಮ್ಮ ಹೆಸರು ಹೇಳಿಕೊಂಡು ಅವರು ನಕ್ಕದ್ದು ಇದೇ ಮೊದಲು. ಈಗ ಅದು ನೀವು ಹಾಕಿಕೊಟ್ಟ ಟೀಮಲ್ಲ ರೀ. ನೀವು ನಾಳೆಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಟೀಮೂ ಅಲ್ಲ. ನೀವು ಒಂದು ದಿನವೂ ನೋಡದ ಟೀಮು. ಅದು ಗೆದ್ದಿತು. ಗೆದ್ದಾಗ ನನಗೆ ನಿಮ್ಮ ಮೇಲೆ ಬಂದಷ್ಟು ಪ್ರೀತಿ, ನೀವು ಬದುಕಿದ್ದಾಗಲೂ ಬಂದಿರಲಿಲ್ಲ.

ರತ್ನ