ಅಂಥ ಹುಡುಗಿ ಇಲ್ಲಿಲ್ಲ

ಸೈಕಲ್ ಅಂಗಡಿಯ ಹಿಂದಿನ ಕೋಣೆಯಿಂದ,
ಸೋಮವಾರ, ಹದಿನೆಂಟನೇ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಬೇರೆ ಮಾತು ಆಮೇಲೆ, ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಆಸ್ಪತ್ರೆಗೆ ಬಂದವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ನುಂಗುವುದಿಲ್ಲ ಎಂದು ನಿನ್ನ ಅಮ್ಮ ಇಲ್ಲಿ ಕುಳಿತೇ ಬೈಯುತ್ತಾಳೆ. ಅಳಿಯಂದಿರ ಬೆನ್ನು ಹಿಡಿದದ್ದು ಬಿಟ್ಟಿತೇ? ನಮ್ಮ ಗುಂಡಣ್ಣನಿಗೆ ಮುಂದಿನ ಹಲ್ಲು ಬಂತೇ, ಅಥವಾ ಇನ್ನೂ ನಕ್ಕರೆ ಬಾಗಿಲು ತೆರೆದ ಹಾಗೆಯೇ ಕಾಣುತ್ತಾನೋ? ನಿನ್ನ ಜೊತೆ ಪಾಳಿ ಮಾಡುವ ಕೆಮ್ಮಿನಕ್ಕನನ್ನು ಕೇಳಿದೆನೆಂದು ಹೇಳು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಅಂದಿನಿಂದ ಮನೆಯಲ್ಲಿ ಧೂಳು ಹೆಚ್ಚಾಗಿದೆ, ನನ್ನ ಮುಖದಲ್ಲಿ ಸುಕ್ಕೂ ಹೆಚ್ಚಾಗಿದೆ.

ಇನ್ನು ನಿನ್ನ ಮಗಳ ಸಮಾಚಾರ. ಓದಿಗೆಂದು ನಮ್ಮ ಬಳಿ ಬಿಟ್ಟುಹೋದ ದಿನ ಹೇಗಿದ್ದಳೋ ಈಗಲೂ ಹಾಗೆಯೇ ಸಣಕಲಾಗಿದ್ದಾಳೆ. ಬೀದಿಯವರು ಇಟ್ಟ ‘ಕಡ್ಡಿ’ ಎಂಬ ಹೆಸರಿಗೆ ಒಂದು ದಿನವೂ ಮೋಸ ಮಾಡಿಲ್ಲ. ಹೋದ ಪತ್ರದಲ್ಲಿ ನೀನು ಬರೆದಿದ್ದೆ, ‘ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ, ಹಾಕಲಿ ಬಿಡಿ ಅಪ್ಪ, ಹೇಗೂ ಓಟದಲ್ಲಿ ಉಳಿಯಲ್ಲ. ಉಳಿದರೂ ನಾನು ಮಾತ್ರ ಒಪ್ಪಲ್ಲ’ ಎಂದು. ಮಗಳೇ, ಓಟದಲ್ಲಿ ಉಳಿದಳು. ಉಳಿದದ್ದೇನು, ತೋಳು ನನ್ನ ತೊಡೆಯಷ್ಟಿದ್ದವರನ್ನೆಲ್ಲ ಹಿಂದೆ ಹಾಕಿದಳು. ಬರವಣಿಗೆಯ ಪರೀಕ್ಷೆ ಅದಕ್ಕೂ ಮೊದಲೇ ಪಾಸಾಗಿತ್ತು. ಬಾಕಿ ಇದ್ದದ್ದು ಎತ್ತರದ ಅಳತೆ. ‘ತುರುಬು ಎತ್ತಿ ಕಟ್ಕೊಂಡು ಹೋಗೇ, ಒಂದು ಬೆರಳು ಜಾಸ್ತಿ ಸಿಗುತ್ತೆ’ ಎಂದು ನಿನ್ನ ಅಮ್ಮ ಉಪದೇಶ ಮಾಡಿದಳು. ‘ಪೊಲೀಸ್ ಆಗೋಕೆ ಹೊರಟವಳಿಗೆ ಮೋಸ ಹೇಳಿಕೊಡ್ತೀಯಲ್ಲ ಅಜ್ಜಿ’ ಎಂದು ಬಿಗಿಯಾಗಿ ಜಡೆ ಹೆಣೆದುಕೊಂಡು ಹೋದಳು. ಸಾಕಾಗುವಷ್ಟು ಎತ್ತರ ಇದ್ದಳು. ಅಲ್ಲಿಗೆ ಎಲ್ಲ ಮುಗಿಯಿತು, ಇನ್ನು ಟೋಪಿ ಕೊಡುವುದೊಂದೇ ಬಾಕಿ ಎಂದುಕೊಂಡು ನಾವು ನಿಶ್ಚಿಂತೆಯಾಗಿದ್ದೆವು.

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ, ಪಂಕ್ಚರ್ ಆದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತ ಕೂತಿದ್ದೆ. ಎದುರಿಗೆ ಯಾರೋ ಬಂದು ನಿಂತರು. ಮೊದಲು ಬೂಟು ಕಂಡಿತು. ಮೇಲೆ ಸಾದಾ ಅಂಗಿ, ಸಾದಾ ಪ್ಯಾಂಟು, ಹೊಟ್ಟೆ ಮಾತ್ರ ಸಾದಾ ಅಲ್ಲ. ಬದುಕೆಲ್ಲ ನೆಲದ ಮೇಲೆ ಕೂತು ಕೆಲಸ ಮಾಡಿದವನಿಗೆ ಜನರ ಮುಖಕ್ಕಿಂತ ಕಾಲು ಚೆನ್ನಾಗಿ ಗೊತ್ತಿರುತ್ತದೆ. ಅದು ಪೊಲೀಸ್ ಬೂಟು. ಆತ ಕಾಗದ ನೋಡಿ, ಶಾಲೆಯಲ್ಲಿ ಬರೆಸಿದ ಕಡ್ಡಿಯ ಹೆಸರನ್ನು ಉದ್ದಕ್ಕೆ ಓದಿ, ‘ಈ ಹುಡುಗಿ ಇಲ್ಲೇ ಇರೋದಾ?’ ಎಂದು ಕೇಳಿದ.

ನಮ್ಮ ಬೀದಿಯ ರೀತಿ ನಿನಗೆ ಗೊತ್ತೇ ಇದೆ. ನೀನು ಚಿಕ್ಕವಳಿದ್ದಾಗ ಯಾರನ್ನೋ ಹುಡುಕಿಕೊಂಡು ಬಂದ ಪೊಲೀಸರು ನಮ್ಮ ಟೈಲರನನ್ನು ಎಳೆದುಕೊಂಡು ಹೋಗಿ, ಸಂಜೆಯವರೆಗೆ ಕೂರಿಸಿಕೊಂಡು, ‘ನೀನಲ್ಲ, ಹೋಗು’ ಎಂದು ಕಳಿಸಿದ್ದರಲ್ಲ. ಅಂದಿನಿಂದ ಪೊಲೀಸರು ಯಾರ ಬಗ್ಗೆ ಕೇಳಿದರೂ ಇಲ್ಲಿ ಒಂದೇ ಉತ್ತರ. ತಲೆ ಯೋಚಿಸುವ ಮೊದಲೇ ಬಾಯಿ ಹೇಳಿ ಮುಗಿಸಿರುತ್ತದೆ. ‘ಅಂಥ ಹುಡುಗಿ ಇಲ್ಲಿಲ್ಲ ಸ್ವಾಮಿ’ ಎಂದುಬಿಟ್ಟೆ. ನನ್ನ ಬೆನ್ನ ಹಿಂದೆಯೇ ತಂತಿಯ ಮೇಲೆ ಅವಳ ಓಟದ ಬಟ್ಟೆ ಒಣಗುತ್ತಿತ್ತು. ‘ಮತ್ತೆ ಈ ವಿಳಾಸ?’ ಎಂದ. ‘ವಿಳಾಸ ನಮ್ಮದೇ, ಹುಡುಗಿ ನಮ್ಮವಳಲ್ಲ’ ಎಂದೆ. ಆತ ತಲೆ ಕೆರೆದುಕೊಂಡು ಮುಂದಕ್ಕೆ ಹೋದ. ನಾನು ರಿಪೇರಿಗೆ ಬಂದಿದ್ದ ಸೈಕಲ್ಲಿನ ಗಂಟೆಯನ್ನು ಎರಡು ಸಲ ಬಾರಿಸಿದೆ. ಬೂಟು ಬಂದಿದೆ, ಹುಷಾರು ಎಂದು ಅದರ ಅರ್ಥ. ಅವಳ ಅರ್ಜಿಗೂ ಈ ಬೂಟಿಗೂ ಸಂಬಂಧವಿದೆಯೆಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲಮ್ಮಾ. ಕೆಲಸ ಕೊಡುವವರು ಮನೆಯ ತನಕ ಬಂದು ವಿಚಾರಿಸುತ್ತಾರೆಂದು ನನಗೇನು ಗೊತ್ತು? ನನ್ನ ಕೈಗೆ ಸ್ಪ್ಯಾನರ್ ಕೊಡುವಾಗ ಯಾರೂ ನನ್ನ ನಡತೆ ಕೇಳಿರಲಿಲ್ಲ.

ಸಂಜೆ ಕ್ಲಾಸು ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು, ‘ತಾತ, ಈ ವಾರ ಠಾಣೆಯಿಂದ ಯಾರಾದ್ರೂ ಬರ್ತಾರೆ. ನಾನು ಇಲ್ಲೇ ಇರೋದಾ, ನಡತೆ ಹೇಗೆ ಅಂತ ಬೀದಿಯವರನ್ನೆಲ್ಲ ಕೇಳ್ತಾರೆ. ಎಲ್ಲರಿಗೂ ಒಂದು ಮಾತು ಹೇಳಿಡು.’ ನನ್ನ ಬಾಯಲ್ಲಿದ್ದ ಚಹಾ ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಅಷ್ಟರಲ್ಲಿ ಬೀದಿಯವರು ಯುದ್ಧ ಗೆದ್ದು ಬಂದವರ ಹಾಗೆ ಬಾಗಿಲಿಗೆ ಬಂದರು. ಕ್ಷೌರದಂಗಡಿ ನಡೆಸುವ ನಮ್ಮ ‘ಕತ್ತರಿ’ ಮುಂದೆ ಬಂದು, ‘ಆ ಹೆಸರು ಹುಟ್ಟಿದಾರಭ್ಯ ಕೇಳೇ ಇಲ್ಲ ಅಂದೆ ಮಾವ. ಬನ್ನಿ, ಗಡ್ಡ ಮಾಡ್ತೀನಿ ಅಂತ ಮಾತು ತಿರುಗಿಸಿಬಿಟ್ಟೆ’ ಎಂದ. ಟೈಲರ್ ತನ್ನ ಪಾಲಿನದು ಹೇಳಿದ: ‘ಆ ಮನೇಲಿ ಮುದುಕ ಮುದುಕಿ ಇಬ್ಬರೇ, ಇಬ್ಬರಿಗೂ ಕಿವಿ ಕೇಳಲ್ಲ ಅಂದೆ.’ ನಿನ್ನ ಅಮ್ಮನಿಗೆ ಸಿಟ್ಟು ಬಂತು. ಸುಳ್ಳಿಗಲ್ಲ, ‘ಮುದುಕಿ’ ಎಂದದ್ದಕ್ಕೆ. ಹಿಟ್ಟಿನ ಗಿರಣಿ ನಡೆಸುವ ಅಕ್ಕನ ಗಂಟಲು ನಿನಗೆ ಗೊತ್ತಲ್ಲ, ಗಿರಣಿ ನಿಂತರೂ ಅವಳ ದನಿ ಇಳಿಯುವುದಿಲ್ಲ. ‘ನಾನು ಬಿಡ್ತೀನಾ? ಅವಳು ಮದುವೆ ಆಗಿ ಸಮುದ್ರದಾಚೆ ಹೋಗಿ ಎಷ್ಟೋ ಕಾಲ ಆಯ್ತು, ಅವಳಿ ಮಕ್ಕಳು ಬೇರೆ ಅಂದೆ!’ ಎಂದು ಎರಡು ಬೀದಿಗೆ ಕೇಳುವ ಹಾಗೆ ಹೇಳಿದಳು.

ಕಡ್ಡಿ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ‘ಮಕ್ಕಳಿಗೆ ಹೆಸರೂ ಇಟ್ಟೆಯಾ ಅಕ್ಕ?’ ಎಂದು ನಗತೊಡಗಿದವಳು ನಗುತ್ತ ನಗುತ್ತ ಹೊಸ್ತಿಲ ಮೇಲೆ ಕುಸಿದು ಕೂತಳು. ನೋಡಿದರೆ ಅದು ನಗುವಾಗಿರಲಿಲ್ಲ. ‘ಇಲ್ಲಿ ವಾಸ ಇಲ್ಲ ಅಂತ ಬರೆದ್ರೆ ಮುಗೀತು ತಾತ. ಸುಳ್ಳು ವಿಳಾಸ ಕೊಟ್ಟವಳು ಅಂತ ಅರ್ಜಿ ತೆಗೆದು ಬಿಸಾಕ್ತಾರೆ’ ಎಂದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಗಿರಣಿ ಅಕ್ಕ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು: ‘ಹಂಗಾದ್ರೆ ನಾವೇ ಠಾಣೆಗೆ ಹೋಗೋಣ.’

ಮಾರನೆಯ ಬೆಳಿಗ್ಗೆ ಕಡ್ಡಿಯನ್ನೂ ಕರೆದುಕೊಂಡು ಹೋದೆವು ನೋಡು. ಕತ್ತರಿ ಅಂಗಡಿ ಮುಚ್ಚಿದ. ತನ್ನ ಮದುವೆಯ ದಿನವೂ ಅರ್ಧ ಹೊತ್ತು ತೆರೆದಿಟ್ಟವನು ಅವನು. ಟೈಲರ್ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದಿದ್ದ, ಗಿರಣಿ ಅಕ್ಕನ ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ನಾನು ಒಗೆದ ಅಂಗಿ ತೊಟ್ಟಿದ್ದೆ, ಉಗುರಿನೊಳಗಿನ ಗ್ರೀಸು ಮಾತ್ರ ನನ್ನ ಜೊತೆಗೇ ಹೋಗುವಂಥದ್ದು. ಠಾಣೆಯ ಗೇಟಿನ ಬಳಿ ಎಲ್ಲರ ಕಾಲೂ ನಿಂತುಹೋಯಿತು. ‘ನೀವು ಮುಂದೆ ನಡೀರಿ ಮಾವ, ಹಿರಿಯರು’ ಎಂದರು. ಊಟದ ಪಂಕ್ತಿಯಲ್ಲಿ ನೆನಪಾಗದ ಹಿರಿತನ ಅಲ್ಲಿ ನೆನಪಾಯಿತು.

ಒಳಗೆ ಗೋಡೆಯುದ್ದಕ್ಕೂ ಒಂದು ಬೆಂಚು, ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು. ಅವಳೇ ಅಧಿಕಾರಿ. ಪಕ್ಕದಲ್ಲಿ ಅದೇ ಬೂಟು. ನಾವೆಲ್ಲ ಒಟ್ಟಿಗೆ ಬಾಯಿ ತೆರೆದೆವು. ಗಿರಣಿ ಅಕ್ಕ ಬಾಯಿ ತೆರೆದ ಮೇಲೆ ಉಳಿದವರದು ಕೇಳಿಸಲಿಲ್ಲ. ‘ತಾಯಿ, ಸ್ವಲ್ಪ ಮೆಲ್ಲಗೆ, ಒಳಗೆ ಕೂಡಿಹಾಕಿರೋರು ಹೆದರ್ಕೋತಾರೆ’ ಎಂದು ಅಧಿಕಾರಿ ಹೇಳಿ ಬೂಟಿನ ಕಡೆ ತಿರುಗಿದಳು. ಆತ ನೋವಿನಿಂದ, ‘ಇವರೇ ಮೇಡಂ. ಒಬ್ಬರು ಹೆಸರೇ ಕೇಳಿಲ್ಲ ಅಂದ್ರು, ಒಬ್ಬರು ಕಿವುಡರ ಮನೆ ಅಂದ್ರು, ಈಯಮ್ಮ ಅವಳಿ ಮಕ್ಕಳು ಅಂದ್ರು’ ಎಂದ. ಅಧಿಕಾರಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ‘ನಿನ್ನೆ ಇಲ್ಲ ಅಂದ್ರಿ, ಇವತ್ತು ಇದ್ದಾಳೆ ಅಂತೀರಿ. ನಾಳೆ ಏನಂತೀರಿ? ನಿಮ್ಮಲ್ಲಿ ಯಾರ ಮಾತು ನಂಬಲಿ?’ ಎಂದಳು. ನ್ಯಾಯವಾದ ಮಾತು.

ಆಗ ಆ ಬೂಟಿನವನು ನಮ್ಮ ಹಿಂದೆ ನಿಂತಿದ್ದ ಕಡ್ಡಿಯನ್ನು ಬಗ್ಗಿ ನೋಡಿದ. ‘ಒಂದ್ನಿಮಿಷ ಮೇಡಂ. ನಿನ್ನೆ ಬೀದಿ ಬಾಯಲ್ಲಿ ಬೈಕ್ ನಿಲ್ಲಿಸಿದ್ದೆ. ಧೂಳಿಗೆ ಮುಖ ಮುಚ್ಕೊಂಡಿದ್ದ ಒಬ್ಬ ಹುಡುಗಿ ಬಂದು ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕಿದಳು. ಅವಳು ಇವಳೇನಾ?’ ಎಂದ. ಮಗಳೇ, ಏನೆಂದು ಬರೆಯಲಿ. ನಿಜ ಹೇಳಲೆಂದೇ ಅಲ್ಲಿಯತನಕ ನಡೆದು ಹೋದ ನಾವು, ನಾನೂ ಸೇರಿ, ಒಂದೇ ಗಂಟಲಿನಿಂದ ಕೂಗಿದೆವು, ‘ಇವಳಲ್ಲ ಸ್ವಾಮಿ!’

ಕಡ್ಡಿ ನಮ್ಮನ್ನು ಸರಿಸಿಕೊಂಡು ಮುಂದೆ ಬಂದಳು. ‘ನಾನೇ ಸರ್. ಗಿರಣಿಯ ಗಾಡಿ ಹೊರಗೆ ಬರೋಕೆ ಆಗ್ತಿರಲಿಲ್ಲ, ಅದಕ್ಕೇ ಬೈಕ್ ತೆಗೀರಿ ಅಂದೆ. ನೀವು ಯಾರು ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಇನ್ನೊಂಚೂರು ಮರ್ಯಾದೆಯಿಂದ ಹೇಳ್ತಿದ್ದೆ. ಆದ್ರೆ ಹೇಳ್ತಿದ್ದೆ’ ಎಂದಳು. ಬೆನ್ನ ಹಿಂದೆ ಅವಳ ಕೈ ಜಡೆಯ ತುದಿಯನ್ನು ಹಿಂಡುತ್ತಿತ್ತು. ಹಿಂದೆ ನಿಂತಿದ್ದರಿಂದ ನನಗೆ ಕಂಡಿತು. ದನಿ ನಡುಗಲಿಲ್ಲ. ಅಧಿಕಾರಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಹೆಗಲು ಮಾತ್ರ ಕುಣಿಯುತ್ತಿತ್ತು. ಆಮೇಲೆ ಬೂಟಿನವನನ್ನು, ‘ಬೈಕ್ ಅಡ್ಡ ನಿಲ್ಲಿಸಿದ್ದು ನಿಜಾನಾ?’ ಎಂದು ಕೇಳಿದಳು. ಆತ ತನ್ನ ಬೂಟನ್ನೇ ನೋಡಿಕೊಂಡ. ‘ಇಡೀ ಬೀದೀಲಿ ನಿಜ ಹೇಳೋಳು ಇವಳೊಬ್ಬಳೇ. ಇವಳ ನಡತೆ ಹೇಗೆ ಅಂತ ನಾವು ಹೋಗಿ ನಿಮ್ಮನ್ನ ಕೇಳಿದ್ದೀವಲ್ಲ!’ ಎಂದು ನಮಗೆ ಹೇಳಿ, ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರನ್ನೇ ಕರೆದು ಮತ್ತೆ ಕೇಳಿ ಬರೆಸಿಕೊಂಡಳು. ಈ ಸಲ ಯಾರಿಗೂ ಅವಳಿ ಮಕ್ಕಳು ಹುಟ್ಟಲಿಲ್ಲ. ‘ಮುಂದೆ ಯಾರ ಬಗ್ಗೆ ಕೇಳಿದ್ರೂ ನಿಜ ಹೇಳ್ಬೇಕು’ ಎಂದು ಮಾತು ತೆಗೆದುಕೊಂಡೇ ಬಿಟ್ಟಳು. ಗೇಟು ದಾಟಿದ್ದೇ ಕತ್ತರಿ, ‘ನಮ್ಮ ಪರಿಚಯದವರ ಬಗ್ಗೆ ಕೇಳಿದ್ರೂನಾ?’ ಎಂದ. ‘ಸುಮ್ನೆ ನಡಿಯೋ’ ಎಂದು ಗಿರಣಿ ಅಕ್ಕ ಅವನ ಬೆನ್ನಿಗೊಂದು ಕೊಟ್ಟಳು, ಬೆನ್ನ ಮೇಲೆ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದವು.

ನಿನ್ನ ಭಯ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಜಗಳವಾಗುವ ಕಡೆಯಿಂದ ಮಕ್ಕಳು ದೂರ ಓಡಲಿ ಎಂದೇ ಹೆತ್ತವರು ಬಯಸುವುದು, ಇವಳು ಅದರ ನಡುವೆ ಹೋಗಿ ನಿಲ್ಲುತ್ತೇನೆ ಎನ್ನುತ್ತಾಳೆ. ಆದರೆ ಮಗಳೇ, ಹೆದರಿ ಜಡೆ ಹಿಂಡಿದರೂ ದನಿ ನಡುಗದವಳನ್ನು ಮನೆಯಲ್ಲಿ ಕೂರಿಸಿ ಏನು ಮಾಡಿಸೋಣ? ನನ್ನ ಅಂಗಡಿಯ ಮುಂದೆ ಸೈಕಲ್ಲು ಅಡ್ಡ ನಿಂತರೆ ದಿನವೂ ನನ್ನನ್ನು ದಬಾಯಿಸುತ್ತಾಳೆ. ಆ ಕಾಟ ಊರಿಗೆಲ್ಲ ಹಂಚಿಹೋಗಲಿ ಎಂಬ ಸ್ವಾರ್ಥವೂ ನನಗಿದೆ ಎಂದಿಟ್ಟುಕೋ.

ಅಳಿಯಂದಿರಿಗೆ ನಮ್ಮಿಬ್ಬರ ಪ್ರೀತಿಯ ನೆನಪು ತಿಳಿಸು, ಗುಂಡಣ್ಣನ ಎರಡು ಕೆನ್ನೆಗೂ ಒಂದೊಂದು ಮುತ್ತು. ನಿನ್ನ ಕೈಗುಣ ಬೆಳೆಯಲಿ, ಕಾಲುನೋವು ಕರಗಲಿ. ಮಾತ್ರೆ ನುಂಗು ಎಂದು ನಿನ್ನ ಅಮ್ಮ ಒಳಗಿನಿಂದ ಕೂಗುತ್ತಿದ್ದಾಳೆ, ಅದನ್ನೂ ಬರೆದಿದ್ದೇನೆ.

ಯಾವಾಗಲೂ ನಿನ್ನ ಒಳ್ಳೆಯದನ್ನೇ ಬಯಸುವ
ಅಪ್ಪ

ವಿ. ಸೂ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಗೀಚುತ್ತೇನೆ. ಕಡ್ಡಿಗೆ ಕೆಲಸ ಸಿಕ್ಕಿದೆ. ಆದೇಶ ಶನಿವಾರ ಬಂತು, ಮುಂದಿನ ತಿಂಗಳ ಮೊದಲ ವಾರವೇ ತರಬೇತಿಗೆ ಹೋಗಿ ಸೇರಬೇಕು. ‘ಅವಳ ಅಮ್ಮನಿಗೆ ಹೊಲಿಗೆ ಕಲಿಯೋಕೆ ಹೋಗಿದ್ದಾಳೆ ಅಂತ ಬರೆದುಬಿಡಿ ಮಾವ, ಆಮೇಲೆ ನೋಡ್ಕೊಂಡ್ರಾಯ್ತು’ ಎಂದು ಬೀದಿಯವರೆಲ್ಲ ಸೇರಿ ಉಪಾಯ ಹೇಳಿಕೊಟ್ಟರು. ಅವಳು ಒಪ್ಪಲಿಲ್ಲ. ‘ಅಮ್ಮನಿಗೆ ಇದ್ದದ್ದು ಇದ್ದ ಹಾಗೇ ಬರಿ ತಾತ. ಹೂಂ ಅಂದ್ರೆ ಹೋಗ್ತೀನಿ. ಇಲ್ಲ ಅಂದ್ರೆ ಬಸ್ಸು ಹತ್ತಿ ಅಲ್ಲಿಗೇ ಬಂದು ಮತ್ತೆ ಕೇಳ್ತೀನಿ’ ಎಂದಳು. ಈಗ ಬಾಗಿಲ ಬಳಿ ನಿಂತು, ನೋಡುತ್ತಿಲ್ಲ ಎಂಬಂತೆ ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಉದ್ದದ ಪತ್ರ ಬೇಡಮ್ಮಾ, ಒಂದು ಸಾಲು ಸಾಕು. ನನಗಲ್ಲ, ಅವಳಿಗೇ ಬರಿ. ಬೇಗ ಬರಿ.